ನಾಲ್ಕು ಬಲ್ಬಿನ ಸಂಸಾರ

ಹಂಪಯ್ಯನಿಗೆ ಮಾತು ಕಡಿಮೆ, ಮೊಂಡುತನ ಜಾಸ್ತಿ. ಸುರಪುರದ ಕಡೆಯಿಂದ ಗುಂಡಿ ತೋಡಲು ಹೈದರಾಬಾದಿಗೆ ಬಂದವನು ಪೈಪು ಬೆಸೆಯಲು ಕಲಿತು, ಈಗ ಶಂಶಾಬಾದಿನ ಹೊಸ ಮನೆಗಳಿಗೆ ನೆಲದ ತಂಪು ಕೂರಿಸುತ್ತಾನೆ. ಅಂಗಳದಲ್ಲಿ ಬೋರ್‌ವೆಲ್ಲಿನಂತೆ ಕೊರೆದು ಪೈಪು ಇಳಿಸಿ, ನೀರು ತುಂಬುತ್ತಾರೆ. ಪಂಪು ಮನೆಯ ಕಾವನ್ನು ಆ ನೀರಿಗೆ ದಾಟಿಸಿ ನೆಲದೊಳಗೆ ಬಿಟ್ಟುಬರುತ್ತದೆ. ಊರಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಬೇಸಿಗೆಯಲ್ಲಿ ಬಾವಿ ನೀರು ತಣ್ಣಗಿರುವುದನ್ನು ಕಂಡಿಲ್ಲವೇ ಎಂದು ಇವನು ರೇಗುತ್ತಾನೆ.

ಕೂರಿಸುವುದು ಸುಲಭ, ಹದ ಮಾಡುವುದೇ ಕಷ್ಟ. ಮನುಷ್ಯರ ಮೈಯೂ ಕಾವು ಬಿಡುವುದರಿಂದ ಖಾಲಿ ಮನೆಯಲ್ಲಿ ಹದ ಸಿಗುವುದಿಲ್ಲ. ಸುಮ್ಮನೆ ಕೂತ ಮನುಷ್ಯ ಹೆಚ್ಚುಕಡಿಮೆ ನೂರು ವ್ಯಾಟಿನ ಹಳೆಯ ಬಲ್ಬಿಗೆ ಸಮ. ಹಾಗಾಗಿ ಮನೆಯವರು ಬರುವ ಮೊದಲು ತಲೆಗೊಂದು ಬಲ್ಬು ಹಚ್ಚಿಟ್ಟು ಪಂಪಿನ ವೇಗ ತಿದ್ದಬೇಕು.

ಈ ಬೇಸಿಗೆ ಅವನು ಸುಲ್ತಾನ್ ಬಜಾರಿನ ಬಟ್ಟೆ ವ್ಯಾಪಾರಿ ಚೇತನಕುಮಾರರ ಹೊಸ ಮನೆಯಲ್ಲಿದ್ದ. ಗೃಹಪ್ರವೇಶಕ್ಕೆ ಇನ್ನೂ ಸಮಯವಿತ್ತು. ಮನೆಯವರು ನಾಲ್ವರು; ನಾಲ್ಕು ಕುರ್ಚಿ, ಅವುಗಳ ಮೇಲೆ ನಾಲ್ಕು ಬಲ್ಬು. ಮಧ್ಯೆ ಹಂಪಯ್ಯ, ಹೋಟೆಲಿನ ರೊಟ್ಟಿ ತಿನ್ನುತ್ತಾ.

ಹೆಂಡತಿ ಶಂಕ್ರಮ್ಮ ಒಮ್ಮೆ ಬಂದು ಅವನ ತಗಡಿನ ಶೆಡ್ಡಿನಲ್ಲಿ ಒಂದು ಬೇಸಿಗೆ ಬೆಂದು ಊರಿಗೆ ವಾಪಸಾಗಿದ್ದಳು. ಉಸಿರಾಡಾಕ ಬರೋ ಮನಿ ಸಿಕ್ಕಾಗ ಕರೀರಿ ಅಂದಿದ್ದಳು. ಆ ಮಾತು ಅವನನ್ನು ವರ್ಷಗಳಿಂದ ಚುಚ್ಚುತ್ತಿತ್ತು. ಗೃಹಪ್ರವೇಶದವರೆಗೆ ಅವಳನ್ನು ಇಲ್ಲಿಗೆ ಕರೆಸಿಕೊಳ್ಳಲೇ ಎಂದು ಕೊನೆಗೆ ಧೈರ್ಯ ಮಾಡಿ ಮಾಲಕರನ್ನು ಕೇಳಿಯೇಬಿಟ್ಟ.

"ಕರಕೊಂಡು ಬಾ ಮಾರಾಯ. ಬಲ್ಬಿಗಿಂತ ಛಲೋ ಆತು," ಎಂದು ಅವರು ನಕ್ಕರು.

ಹಂಪಯ್ಯ ಅಡುಗೆಮನೆ ಬಾಗಿಲ ಬಳಿಯ ಬಲ್ಬು ಬಿಚ್ಚಿಟ್ಟು, ಆ ಕುರ್ಚಿಯ ಧೂಳು ಒರೆಸಿ ಫೋನು ಮಾಡಿದ.

"ಭಾಳ ತಂಪೈತಿ. ತಿಂಗಳತನಕ ನಮ್ದಽ ಮನಿ ಇದ್ದಂಗ. ಬಾ."

"ಹಾಲು ಉಕ್ಕಿಸ್ಯಾರೇನ್ರಿ?"

"ಇನ್ನೂ ಇಲ್ಲ."

"ಹಂಗಾದ್ರ ಆ ಮನಿಯಾಗ ಮೊದಲ ನಾ ಹೆಂಗ ಒಲಿ ಹಚ್ಚಲಿ? ಆ ಮನಿ ಹೆಣ್ಮಗಳು ಹಾಲು ಉಕ್ಕಿಸೋ ಒಲಿ ಅದು."

"ಒಲಿ ಹಚ್ಚಬ್ಯಾಡ. ಹೋಟೆಲಿಂದ ತರ್ತೀನಿ."

"ಒಲಿ ಹಚ್ಚದ ಮನಿಗೆ ನಾ ಬಂದು ಏನ್ ಮಾಡ್ಲಿ? ಬಲ್ಬಿನಂಗ ಕುಂದ್ರಲೇನು?" ಆಮೇಲೆ ಅವಳ ದನಿ ಮೆತ್ತಗಾಯಿತು. "ನನಗ ತಂಪು ಬ್ಯಾಡ್ರಿ. ಹಾಲು ಉಕ್ಕಿಸಾಕ ನಮ್ದಂತ ಒಂದು ಒಲಿ ಸಿಕ್ಕರ ಕರೀರಿ. ಶೆಡ್ಡಾದ್ರೂ ಬರ್ತೀನಿ."

ಬಾಡಿಗೆ ಶೆಡ್ಡಿನಲ್ಲಿ ಅವನು ಎಂದೂ ಒಲೆ ಇಟ್ಟವನಲ್ಲ. ಅವಳಿದ್ದ ಆ ಬೇಸಿಗೆಯಲ್ಲೂ ಇಬ್ಬರಿಗೂ ಹೋಟೆಲಿನಿಂದಲೇ ತಂದಿದ್ದ. ಅವಳು ಬೆಂದದ್ದು ಬಿಸಿಲೊಂದಕ್ಕೇ ಅಲ್ಲ ಎಂದು ಅವನಿಗೆ ಈಗ ಹೊಳೆಯಿತು.

ಬಿಚ್ಚಿಟ್ಟ ಬಲ್ಬನ್ನು ಮತ್ತೆ ಕೂರಿಸಿ ಕೆಲಸ ಮುಗಿಸಿದ. ಕೊನೆಯ ದಿನ ಮಧ್ಯಾಹ್ನ ಮಳೆ ಬಿದ್ದು ಗೋಡೆಗಳು ತಣ್ಣಗಾಗಿದ್ದವು. ಬಲ್ಬುಗಳನ್ನು ಒಂದೊಂದಾಗಿ ಆರಿಸಿದ. ಅಡುಗೆಮನೆ ಬಾಗಿಲಿನದನ್ನು ಕೊನೆಗೆ ಉಳಿಸಿಕೊಂಡಿದ್ದ; ಅದನ್ನೂ ಆರಿಸಿದ. ಸ್ವಲ್ಪ ಹೊತ್ತಿಗೆ ಪಂಪೂ ನಿಂತಿತು; ತಣ್ಣಗಾದ ಮನೆಯಲ್ಲಿ ಒಬ್ಬನ ಮೈಕಾವು ಅದನ್ನು ಓಡಿಸಲು ಸಾಲಲಿಲ್ಲ.

ಹದ ಸರಿಯಾಗಿತ್ತು. ಮಷೀನಿನ ಲೆಕ್ಕದಲ್ಲಿ ಮನೆಯೊಳಗೆ ಈಗ ಯಾರೂ ಇರಲಿಲ್ಲ. ಹಂಪಯ್ಯ ಇನ್ನೂ ಅಲ್ಲೇ ಕೂತಿದ್ದ.