ಗಾಡಿಯ ಮೂತಿ ಎತ್ತಿಸಿದ್ದು

ಖಾಲಿ ಪಿಕಪ್ ಗಾಡಿಯನ್ನು ಪಕ್ಕದಿಂದ ನೋಡಿದ್ದೀರಾ? ಹಿಂಭಾಗ ಎತ್ತರ, ಮೂತಿ ತಗ್ಗು. ನೆಲಕ್ಕೆ ಬಿದ್ದ ಓಲೆ ಹುಡುಕುವವರ ಹಾಗೆ ನಿಂತಿರುತ್ತದೆ. ಈಚೆಗೆ ಅಂಥದೊಂದು ಎದುರಾದರೆ ನಾನೇ ಮುಖ ತಿರುಗಿಸುತ್ತೇನೆ. ಕಾರಣವನ್ನು ನಿಮಗೊಬ್ಬರಿಗೇ ಹೇಳುತ್ತೇನೆ. ಅಚ್ಚಾದ ಮೇಲೆ ಊರಿಗೆಲ್ಲ ಗೊತ್ತಾಗುವುದು ಬೇರೆ ಮಾತು.

ನಾನು ಚರ್ಚಾಸ್ಪರ್ಧೆಯ ಹುಡುಗಿ. ಧಾರವಾಡದ ಕಾಲೇಜಿನಲ್ಲಿ ಮೂರು ವರ್ಷ ಕಲಿತದ್ದರಲ್ಲಿ ಚೆನ್ನಾಗಿ ಉಳಿದಿರುವ ವಿದ್ಯೆ ಒಂದೇ: ಎದುರಿನವರು ಏನೇ ಹೇಳಲಿ, ಇದಕ್ಕೆ ಆಧಾರವೇನು ಎಂದು ಕೇಳುವುದು. ಜಾತಕಕ್ಕೆ ಕೇಳಿದ್ದೇನೆ, ವಾಸ್ತುವಿಗೆ ಕೇಳಿದ್ದೇನೆ, ಅವ್ವನ ಕಷಾಯಕ್ಕೂ ಕೇಳಿದ್ದೇನೆ. ಗೆದ್ದ ಢಾಲುಗಳು ಕಪಾಟು ತುಂಬಿ ಹೊರಗೆ ಬಂದಿವೆ. ಒಂದರ ಮೇಲೆ ಅವ್ವ ಉಪ್ಪಿನಕಾಯಿಯ ಭರಣಿ ಇಡುತ್ತಾಳೆ.

ನಮ್ಮ ಕಾಕಾ, ಎಂದರೆ ಅಪ್ಪನ ತಮ್ಮ, ಲಕಮನಹಳ್ಳಿಯ ಗೋದಾಮಿನಿಂದ ಬೈರಿದೇವರಕೊಪ್ಪದ ಹೊಸ ಮನೆಗಳಿಗೆ ಟೈಲ್ಸ್ ಸಾಗಿಸುತ್ತಾನೆ. ಒಂದು ದಿನ ಅವನ ಪಿಕಪ್ಪಿಗೆ ಎಣ್ಣೆ ಬದಲಿಸಬೇಕಿತ್ತು. ನಾನೇ ಓಡಿಸಿಕೊಂಡು ಹಳೇ ಹುಬ್ಬಳ್ಳಿಯ ದಾವಲಸಾಬ ಚಾಚಾರ ಗ್ಯಾರೇಜಿಗೆ ಹೋದೆ. ಇಳಿದು ನೋಡಿದರೆ ತಗ್ಗಿದ ಮೂತಿ ಕಣ್ಣಿಗೆ ಚುಚ್ಚಿತು. ಮೊಬೈಲಿನಲ್ಲಿ ಮಟ್ಟ ನೋಡುವ ಆ್ಯಪ್ ಇತ್ತು. ಗಾಡಿಯ ಅಂಚಿಗೆ ಇಟ್ಟೆ. ಸಮವಿಲ್ಲ!

"ಚಾಚಾ, ಮುಂದ ಸ್ವಲ್ಪ ಎತ್ತಿ ಸಮಾ ಮಾಡ್ರಿ."

ಆ ಗಾಡಿಯ ಮುಂಭಾಗವನ್ನು ಹೊರುವುದು ಎರಡು ಉದ್ದನೆಯ ಉಕ್ಕಿನ ಸರಳುಗಳು. ಅವುಗಳ ತುದಿಯ ಬೋಲ್ಟು ಬಿಗಿ ಮಾಡಿದರೆ ಮೂತಿ ಏಳುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಕೆಲಸ ಅಷ್ಟೇ. ಆದರೆ ಚಾಚಾರದು ಒಂದು ಪದ್ಧತಿ. ಗ್ಯಾರೇಜಿನ ಬಾಗಿಲಿಗೆ ಉಸುಕಿನ ಚೀಲಗಳನ್ನು ಒಟ್ಟಿದ್ದಾರೆ. ಖಾಲಿ ಬಂದ ಗಾಡಿಗೆ ಅವನ್ನು ಹೇರದೆ ಎತ್ತರ ಅಳೆಯುವುದಿಲ್ಲ. ಅಳೆಯುವುದೂ ಎರಡು ಗೀರು ಹಾಕಿದ ಒಂದು ಹಳೆಯ ಕೋಲಿನಿಂದ.

"ಖಾಲಿ ಗಾಡಿ ಹಂಗ ಇರಬೇಕವಾ," ಎಂದರು. "ಹೇರು ಬಿದ್ದ ಮ್ಯಾಲ ಹಿಂದ ಕುಂದ್ರತೈತಿ, ತಾನ ಸಮಾ ಆಕ್ಕೈತಿ. ಬೇಕಾದ್ರ ಚೀಲಾ ಹಾಕಿ ನೋಡೂಣು."

"ಇದಕ್ಕ ಆಧಾರ ಏನ್ರಿ?"

"ಆಧಾರ ಅಂದ್ರ... ಹಿಂಗ ಮಾಡ್ಕೋಂತ ಬಂದೇವಿ."

ಇಂಥ ಉತ್ತರ ಸಿಕ್ಕರೆ ನಮ್ಮಂಥವರಿಗೆ ಹಬ್ಬ. "ಚಾಚಾ, ತಕ್ಕಡಿ ಮುಳ್ಳು ಸರಿ ಐತ್ಯೋ ಇಲ್ಲೋ ಅಂತ ಖಾಲಿ ಇದ್ದಾಗ ನೋಡ್ತಾರೋ, ಜ್ವಾಳಾ ತುಂಬಿ ನೋಡ್ತಾರೋ?"

ಚಹಾ ಕುಡಿಯುತ್ತಿದ್ದ ಇಬ್ಬರು ಡ್ರೈವರುಗಳು ಗಹಗಹಿಸಿದರು. "ಹೇಳ್ರಿ ಮೇಸ್ತ್ರಿ, ಈಗ ಹೇಳ್ರಿ! ಹುಡುಗಿ ಹಿಡದ್ಲು ನೋಡ್ರಿ!"

ಚಾಚಾ ಕೈಯಲ್ಲಿದ್ದ ಕೋಲನ್ನು ಒಮ್ಮೆ ನೋಡಿ ಗೋಡೆಗೆ ಒರಗಿಸಿದರು. "ಮಾತಿನ್ಯಾಗ ನಿನ್ನ ಕೂಡ ಆಗೂದಿಲ್ಲವಾ," ಎನ್ನುತ್ತ ಗಾಡಿಯ ಕೆಳಗೆ ನುಸುಳಿದರು. ಆ್ಯಪಿನ ಗುಳ್ಳೆ ನಟ್ಟನಡುವೆ ಬಂದು ನಿಂತಾಗ ನನಗೆ ಇನ್ನೊಂದು ಢಾಲು ಸಿಕ್ಕಷ್ಟು ಹಿಗ್ಗು. ಕಾಕಾನಿಗೆ ಹೇಳಲಿಲ್ಲ, ತಾನೇ ನೋಡಿ ಮೆಚ್ಚಲಿ ಎಂದು.

ಮರುದಿನ ಕಾಕಾ ಟೈಲ್ಸ್ ಹೇರಿಕೊಂಡು ಹೊರಟ. ಹಿಂಭಾಗ ಕುಸಿಯಿತು, ಮೂತಿ ಮುಗಿಲು ನೋಡಿತು. ಮುಂದಿನ ಗಾಲಿಗಳು ನೆಲವನ್ನು ಗಟ್ಟಿಯಾಗಿ ಒತ್ತದಿದ್ದರೆ ಸ್ಟೇರಿಂಗು ತಿರುಗುತ್ತದೆ, ಗಾಡಿ ತಿರುಗುವುದಿಲ್ಲ. ಇದನ್ನು ನಾನು ಆಮೇಲೆ ಓದಿ ತಿಳಿದೆ. ಕಾಕಾ ರಸ್ತೆಯ ತಿರುವಿನಲ್ಲಿ ತಿಳಿದ. ಗಾಡಿ ರಸ್ತೆ ಬಿಟ್ಟಿಳಿದು, ಕಬ್ಬಿನ ಹಾಲಿನ ಅಂಗಡಿಯೊಂದು ಇನ್ನು ಮೊಳ ದೂರ ಇರುವಾಗ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮೆಲ್ಲಗೆ ಹೋಗಿ ಮಾಲು ಇಳಿಸಿ ಮನೆಗೆ ಬಂದ ಕಾಕಾ ಚಪ್ಪಲಿಯನ್ನೂ ಬಿಡಲಿಲ್ಲ.

ಗಾಡಿ ಒಯ್ದವಳು ನಾನೆಂದು ನನ್ನನ್ನೂ ಕೂರಿಸಿಕೊಂಡು ಗ್ಯಾರೇಜಿಗೆ ಹೋದ. ಅಲ್ಲಿ ಬೇರೆ ನಾಲ್ಕು ಜನ ಗಿರಾಕಿಗಳಿದ್ದರು.

"ಏನ್ರಿ ಮೇಸ್ತ್ರಿ, ಎಣ್ಣಿ ಬದಲಿ ಮಾಡ್ರಿ ಅಂದ್ರ ಮೂತಿ ಎತ್ತಿ ಕಳಿಸೀರಿ? ನಿಮ್ಮ ಕೈ ನಂಬಿ ಗಾಡಿ ಬಿಡ್ತೇವಿ. ಇವತ್ತ ಹೆಣಾ ಬೀಳ್ತಿತ್ತಲ್ರಿ!"

ಚಾಚಾ ನನ್ನ ಕಡೆ ಒಮ್ಮೆ ನೋಡಿದರು. "ತಪ್ಪಾತ್ರಿ," ಎಂದರು. "ಖಾಲಿ ಗಾಡಿ ಮ್ಯಾಲ ಅಳದೆ."

ಅದರಲ್ಲಿ ಸುಳ್ಳಿರಲಿಲ್ಲ. ನನ್ನ ಹೆಸರೂ ಇರಲಿಲ್ಲ.

"ಕಾಕಾ, ಅದು..." ಎಂದು ಬಾಯಿ ತೆರೆದೆ.

"ನೀ ಸುಮ್ಮನಿರು. ದೊಡ್ಡವರು ಮಾತಾಡಾಕತ್ತೇವಿ."

ಸುಮ್ಮನಿದ್ದೆ! ಚಿಕ್ಕಂದಿನಿಂದ ಈ ಒಂದು ಮಾತಿಗೆ ಎಷ್ಟು ಸಲ ತಿರುಗಿಬಿದ್ದಿದ್ದೇನೋ. ವಿಧೇಯಳಾದದ್ದು ಅವತ್ತೇ ಮೊದಲು. ಎಂಥ ಹೊತ್ತಿಗೆ ಒದಗಿ ಬಂತು ನೋಡಿ ನನ್ನ ಸಂಸ್ಕಾರ. ಚಾಚಾ ಚೀಲ ಹೇರಿದರು, ಕೋಲಿಟ್ಟರು, ಬೋಲ್ಟು ಸಡಿಲಿಸಿದರು. ಗಾಡಿ ಸಮವಾಯಿತು. ಚೀಲ ಇಳಿಸಿದಾಗ ಮೂತಿ ಮತ್ತೆ ತಗ್ಗಿತು. ನನ್ನದೂ.

ಹಿಂತಿರುಗುವ ದಾರಿಯಲ್ಲಿ ನನ್ನದೇ ಪ್ರಶ್ನೆಗೆ ಉತ್ತರ ಹೊಳೆಯಿತು. ತಕ್ಕಡಿ ಇರುವುದು ತೂಗಲು, ಗಾಡಿ ಇರುವುದು ಹೊರಲು. ಹಮಾಲ ಖಾಲಿ ಬೆನ್ನಿನಲ್ಲಿ ಎಷ್ಟು ನೆಟ್ಟಗೆ ನಿಲ್ಲುತ್ತಾನೆಂದು ಯಾರು ಅಳೆಯುತ್ತಾರೆ? ಚಾಚಾ ಇಷ್ಟು ಹೇಳಿದ್ದರೆ ನಾನು ಅಲ್ಲೇ ಸೋಲುತ್ತಿದ್ದೆ. ಅವರ ಹತ್ತಿರ ಉತ್ತರ ಇತ್ತು. ಬಾಯಿಗೆ ಬಂದಿರಲಿಲ್ಲ, ಅಷ್ಟೇ; ಉಸುಕಿನ ಚೀಲಗಳಾಗಿ ಬಾಗಿಲಲ್ಲಿ ಬಿದ್ದುಕೊಂಡಿತ್ತು.

ಉಣಕಲ್ಲು ಬರುವಷ್ಟರಲ್ಲಿ ತಡೆಯಲಾಗಲಿಲ್ಲ. "ಕಾಕಾ, ಚಾಚಾ ಬ್ಯಾಡ ಅಂದಿದ್ರು. ನಾನ ಹಟಾ ಮಾಡಿ ಮಾಡಿಸಿದ್ದು."

ಕಾಕಾ ಗಾಡಿ ನಿಲ್ಲಿಸಿದ. "ಇದನ್ನ ನನ್ನ ಮುಂದ ಯಾಕ ಹೇಳಾಕತ್ತಿ? ನಾ ಅವರಿಗೆ ಬೈದದ್ದು ನಾಕ ಮಂದಿ ಮುಂದ." ಗಾಡಿ ತಿರುಗಿಸಿದ.

ಆ ನಾಲ್ಕು ಜನರ ಮುಂದೆಯೇ ಹೇಳಿದೆ. ಪೀಠಿಕೆಯಿಲ್ಲ, ಉಪಸಂಹಾರವಿಲ್ಲ, ನನ್ನ ಅತಿ ಸಣ್ಣ ಭಾಷಣ. ಕಿವಿ ಮಾತ್ರ ಕಾದ ಹಂಚಾಗಿತ್ತು. ಕಾಕಾ ಚಾಚಾರ ಎರಡೂ ಕೈ ಹಿಡಿದುಕೊಂಡು, "ಮನಸಿಗೆ ಹಚ್ಕೋಬ್ಯಾಡ್ರಿ," ಎಂದ.

ಚಾಚಾ ಆಗಷ್ಟೇ ಬಂದು ನಿಂತಿದ್ದ ಇನ್ನೊಂದು ಖಾಲಿ ಪಿಕಪ್ಪಿನ ಕಡೆ ತೋರಿಸಿದರು. "ಆತು ಬಿಡವಾ. ಹೆಂಗೂ ಬಂದೀಯಲ್ಲ, ಚೀಲಾ ಏರಿಸಾಕ ಕೈ ಹಚ್ಚು. ಆಧಾರ ಎಷ್ಟ ವಜ್ಜಿ ಐತಿ ನೋಡು."

ಒಂದು ತುದಿ ಅವರು, ಒಂದು ತುದಿ ನಾನು. ಮೂರನೆಯ ಚೀಲಕ್ಕೆ ನನ್ನ ಬೆನ್ನು ಬಾಗಿತು.

ವಾದ ಮಾಡುವುದನ್ನು ನಾನು ಬಿಟ್ಟಿಲ್ಲ, ಆಧಾರ ಕೇಳುವುದನ್ನೂ ಬಿಟ್ಟಿಲ್ಲ. ಆದರೆ ಎದುರಿನವರು ಸುಮ್ಮನಾದಾಗ, ಗೆದ್ದೆ ಎಂದು ಹಿಗ್ಗುವ ಮೊದಲು, ಅವರ ಬಾಗಿಲಿಗೆ ಏನು ಒಟ್ಟಿದೆ ಎಂದು ಒಮ್ಮೆ ಕಣ್ಣಾಡಿಸುತ್ತೇನೆ.