ತಮ್ಮನ ತುಳಸಿಗೆ ಕಟ್ಟಿದ ಬಿಸಿಲು

ನನಗೂ ನನ್ನ ತಮ್ಮನಿಗೂ ಒಂದೇ ಮಳೆಗಾಲದಲ್ಲಿ, ಒಂದೇ ವಾರ ಡೆಂಗಿ ಜ್ವರ ಬಂತು. ಒಂದೇ ಆಸ್ಪತ್ರೆ, ಎದುರುಬದುರು ವಾರ್ಡು. ನಾನು ಎದ್ದು ಮನೆಗೆ ಬಂದೆ, ಅವನು ಬರಲಿಲ್ಲ. ದಿನಕರ್ಮ ಮುಗಿದು ಊಟಕ್ಕೆ ಎಲೆ ಹಾಕಿದಾಗ, ವಿಜಯಪುರದಿಂದ ಬಂದ ನೆಂಟರೆದುರು ಅವ್ವ ನನ್ನ ಕಡೆ ಕೈ ತೋರಿಸಿ, "ದೇವ್ರು ತಪ್ಪಿದ. ಒಯ್ಯೂದನ್ನ ಬಿಟ್ಟು ಬಿಡೂದನ್ನ ಒಯ್ದ" ಅಂದಳು. ಯಾರೂ ಆಕೆಯ ಬಾಯಿ ಮುಚ್ಚಿಸಲಿಲ್ಲ. ಮಗನನ್ನು ಕಳೆದುಕೊಂಡವಳು, ಏನೋ ಒಂದು ಅಂದಾಳು ಎಂದು ಎಲ್ಲರೂ ತಲೆ ತಗ್ಗಿಸಿ ಉಂಡರು. ಬಡಿಸುತ್ತಿದ್ದವಳು ನಾನೇ.

ಘಾಟ್ಕೋಪರ್‌ನಲ್ಲಿ ಹಳೆಯ ಬಿಲ್ಡಿಂಗಿನ ನೆಲಮಹಡಿಯ ಮನೆ ನಮ್ಮದು. ಅಪ್ಪ ಬಹಳ ಹಿಂದೆಯೇ ತೀರಿಕೊಂಡಿದ್ದರು. ತಮ್ಮ ಹೋದ ಮೇಲೆ ಉಳಿದವರು ಅವ್ವ, ನಾನು, ಮತ್ತು ಹೊರಕೋಣೆಯ ಕಿಟಕಿಯ ಗ್ರಿಲ್ಲಿನಲ್ಲಿದ್ದ ತುಳಸಿ. ಆ ತುಳಸಿಯನ್ನು ತಮ್ಮನೇ ಒಂದು ವರ್ಷ ತುಳಸಿ ಲಗ್ನದ ಹೊತ್ತಿಗೆ ಸ್ಟೇಷನ್ ಹತ್ತಿರದ ಮಾರ್ಕೆಟ್ಟಿನಿಂದ ತಂದು, ಖಾಲಿ ಪೇಂಟಿನ ಡಬ್ಬಿಯಲ್ಲಿ ನೆಟ್ಟಿದ್ದ. ಆಮೇಲೆ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ನೀರು ಹಾಕುತ್ತಿದ್ದವಳು ನಾನು. ಅವನು ಸತ್ತ ಮೇಲೆ ಅದು ಅವನ ತುಳಸಿಯಾಯಿತು. ಅದಕ್ಕೆ ನೀರು ಹಾಕದೆ ಅವ್ವ ಚಹಾ ಸಹ ಕುಡಿಯುತ್ತಿರಲಿಲ್ಲ. ನನಗೆ ಅದನ್ನು ಮುಟ್ಟುವ ಹಕ್ಕೂ ಹೋಯಿತು.

ತುಳಸಿಯ ವಿಷಯದಲ್ಲಿ ಅವ್ವನ ಕಟ್ಟುಪಾಡುಗಳು ಮೊದಲಿನಿಂದಲೂ ಬಿಗಿ. ಚಿಕ್ಕವಳಿದ್ದಾಗ ಒಮ್ಮೆ ಊರಿನ ಮನೆಯ ತುಳಸಿಯಿಂದ ಸಂಜೆ ಕಳೆದ ಮೇಲೆ ಎಲೆ ಕೀಳಲು ಹೋಗಿ ಕೆನ್ನೆಗೆ ಏಟು ತಿಂದಿದ್ದೆ. "ಹೊತ್ತು ಮುಳುಗಿದ ಮ್ಯಾಲೆ ತುಳಸಿ ಮುಟ್ಟಬಾರದು. ಮಲಗಿರತೈತಿ ಅದು. ಮಲಗಿದಾಕೀನ ಎಬ್ಬಸ್ತೀಯೇನ?" ಮರುವಾರ ತಮ್ಮ ಅದನ್ನೇ ಮಾಡಿದಾಗ ಅವ್ವ ನಕ್ಕು, "ನನ್ನ ರಾಜಾಗ ತುಳಸಿ ಸುದ್ದಾ ಎಚ್ಚರಾಗತಾಳ" ಅಂದಿದ್ದಳು. ನನ್ನ ಕೆನ್ನೆ ಆ ಎರಡು ಸಂಜೆಗಳನ್ನೂ ಮರೆತಿಲ್ಲ.

ನಮ್ಮ ಕಿಟಕಿಯ ಎದುರಿಗಿದ್ದ ಸಾಲುಮನೆಗಳ ಹಳೆಯ ಚಾಳು ಬಿದ್ದು ಅಲ್ಲಿ ಟವರ್ ಎದ್ದಿತು. ಒಂದೊಂದು ಮಹಡಿ ಏರಿದಂತೆ ನಮ್ಮ ಬಿಸಿಲು ಕಡಿಮೆಯಾಗುತ್ತ ಬಂದು, ಕೊನೆಗೆ ಮಧ್ಯಾಹ್ನಕ್ಕೂ ಟ್ಯೂಬ್‌ಲೈಟ್ ಹಾಕಿಕೊಂಡು ಅಕ್ಕಿ ಆರಿಸುವಂತಾಯಿತು. ತುಳಸಿ ಸಣಕಲಾಗಿ, ಕಡ್ಡಿ ಉದ್ದವಾಗಿ, ಎಲೆ ಹಳದಿ ತಿರುಗಿ ಉದುರತೊಡಗಿತು. ಟೆರೇಸಿನಲ್ಲಿಡೋಣವೆಂದರೆ ಸೊಸೈಟಿಯವರು ಅದಕ್ಕೆ ಬೀಗ ಜಡಿದಿದ್ದರು. ಅವ್ವ ಅದರ ಮುಂದೆ ಕುಳಿತು ಅಳುತ್ತಿದ್ದಳು. "ಇದೂ ಹ್ವಾದ್ರ ನಾ ಉಳಿಯಂಗಿಲ್ಲ. ಆಮ್ಯಾಲೆ ನೀ ಒಬ್ಬಾಕೇನ ಇರು, ನಿನಗ ಅದs ಬೇಕಾಗೈತಿ."

ನನಗೆ ಬೇಕಾಗಿದ್ದದ್ದು ಅದಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆ ಗಿಡವನ್ನು ನಾನು ಬದುಕಿಸಿದರೆ ಅವ್ವ ಒಮ್ಮೆಯಾದರೂ, ನಾನು ಬದುಕಿ ಬಂದದ್ದು ಒಳ್ಳೆಯದಾಯಿತು ಎಂದುಕೊಂಡಾಳು ಎಂಬ ಆಸೆ. ಆಫೀಸಿನಲ್ಲಿ ನಾಲ್ಕು ಜನಕ್ಕೆ ಕೆಲಸ ಹೇಳುವ ಹೆಂಗಸು ನಾನು. ಮನೆಯಲ್ಲಿ ಒಂದು ಡಬ್ಬಿ ತುಳಸಿಯ ಮುಂದೆ ಭಿಕ್ಷೆಗೆ ನಿಂತಿದ್ದೆ.

ಮನೆಯೊಳಗೇ ಗಿಡ ಬೆಳೆಸಲು ಎಲ್‌ಇಡಿ ದೀಪ ಕಟ್ಟಬಹುದೆಂದು ಮೊಬೈಲಿನಲ್ಲಿ ವಿಡಿಯೋ ನೋಡಿ ತಿಳಿದುಕೊಂಡೆ. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಕೆಂಪು, ನೀಲಿ ಎಲ್‌ಇಡಿಗಳನ್ನೂ ಅವಕ್ಕೆ ಕರೆಂಟು ಹದ ಮಾಡಿ ಕೊಡುವ ಡ್ರೈವರ್ ಎಂಬ ಡಬ್ಬಿಯನ್ನೂ ತಂದೆ. ಈ ದೀಪಗಳು ಬೆನ್ನಿನಲ್ಲಿ ಬಹಳ ಕಾಯುತ್ತವೆ, ಆ ಕಾವನ್ನು ಎಳೆದುಕೊಳ್ಳಲು ಲೋಹ ಬೇಕು. ಅದಕ್ಕೆ ಸ್ಲೈಡಿಂಗ್ ಕಿಟಕಿ ಮಾಡುವ ಅಂಗಡಿಯಿಂದ ಅಲ್ಯೂಮಿನಿಯಂ ಪಟ್ಟಿಯ ತುಂಡು ಬೇಡಿ ತಂದೆ. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ಮಾತ್ರ ಮನೆಯಲ್ಲೇ ಇತ್ತು. ತಮ್ಮ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಅರ್ಧಕ್ಕೆ ಬಿಟ್ಟವನು, ಅದು ಅವನದು.

ನಾನು ಅದನ್ನು ಕಪಾಟಿನಿಂದ ತೆಗೆದದ್ದನ್ನು ನೋಡಿ ಅವ್ವ ನನ್ನ ಮೈಮೇಲೆ ಏರಿ ಬಂದಳು. "ಅವನ ಸಾಮಾನ ಯಾಕ ಮುಟ್ಟಿದಿ? ಅಂವ ಸತ್ತಾನಂತ ಎಲ್ಲಾ ನಿಂದ ಆತೇನ?"

"ನಿನ್ನ ಮಗನ ತುಳಸೀಗೇ ಬೇಕಾಗೈತಿ" ಅಂದೆ.

ಅದಕ್ಕೆ ಆಕೆ ಕಪಾಟಿನ ಮುಂದಿನಿಂದ ಸರಿದಳು. ಆದರೆ ಬೆಸುಗೆ ಹಾಕುವಾಗ ಎದುರಿಗೇ ಕುಳಿತು ಕಾವಲು ಕಾಯುತ್ತಿದ್ದಳು. ಒಮ್ಮೆ ಕಾದ ತುದಿ ತಗುಲಿ ನನ್ನ ಹೆಬ್ಬೆರಳು ಸುಟ್ಟು ಬೊಬ್ಬೆ ಬಂತು. "ಸಾವಕಾಶ" ಅಂದಳು. ನನ್ನ ಜೀವ ಅರಳಿತು. "ಅದು ಮುರಿದೀತು" ಎಂದು ಮಾತು ಮುಗಿಸಿದಳು.

ದೀಪ ಹತ್ತಿತು. ಕೆಂಪು ನೀಲಿ ಕೂಡಿ ಹೊರಕೋಣೆಯೆಲ್ಲ ನೇರಳೆ ಬಣ್ಣಕ್ಕೆ ತಿರುಗಿತು. ಗೋಡೆಯ ಮೇಲಿನ ತಮ್ಮನ ಫೋಟೋ ಸಹಿತ. ಸೊಸೈಟಿಯ ಸೆಕ್ರೆಟರಿ ಮರುದಿನವೇ ಗೇಟಿನಲ್ಲಿ ನಿಂತು, ನಾಲ್ಕು ಜನಕ್ಕೆ ಕೇಳಿಸುವಂತೆ, "ಕಾಯ್ ಹೋ, ಲೇಡೀಸ್ ಬಾರ್ ಸುರೂ ಕೇಲಾ ಕಾ?" ಏನು, ಲೇಡೀಸ್ ಬಾರ್ ಶುರು ಮಾಡಿದಿರಾ ಎಂದು ಮರಾಠಿಯಲ್ಲಿ ಕೇಳಿ ಹಲ್ಲು ಬಿಟ್ಟ. ಅಲ್ಲಿದ್ದವರೆಲ್ಲ ನಕ್ಕರು. ಮದುವೆಯಾಗದೆ ಉಳಿದ ನನ್ನಂಥವಳ ಮನೆಯ ಕಿಟಕಿಗೆ ಆ ಬಣ್ಣ ಬಂದರೆ ನಗಲು ಅವರಿಗೆ ಬೇರೆ ಕಾರಣ ಬೇಕಿರಲಿಲ್ಲ. ನನ್ನ ಜೊತೆಗಿದ್ದ ಅವ್ವ ಅವನನ್ನು ಬೈಯಬೇಕಿತ್ತು. ಮನೆಗೆ ಬಂದು ನನ್ನನ್ನು ಬೈದಳು. "ನನ್ನ ಮಗ ಇದ್ದಾಗ ಈ ಮನೀಗೆ ಮರ್ಯಾದಿ ಇತ್ತು."

ಅದನ್ನು ಬಿಚ್ಚಿ, ಮತ್ತೆ ಪೇಟೆಗೆ ಹೋಗಿ, ಬೆಳಗಿನ ಬಿಸಿಲಿನಂಥ ತಿಳಿಹಳದಿ ಬೆಳಕಿನ ಎಲ್‌ಇಡಿ ತಂದು ಹೊಸದಾಗಿ ಕಟ್ಟಿದೆ. ಗ್ರಿಲ್ಲಿನಿಂದ ಎರಡು ಹುರಿ ಇಳಿಬಿಟ್ಟು, ಗಿಡದಿಂದ ಒಂದು ಮೊಳ ಮೇಲೆ ತೂಗುಹಾಕಿದೆ. ಗೀಸರಿಗೆ ಹಾಕುವಂಥ ಟೈಮರ್ ಸಿಕ್ಕಿಸಿದೆ: ಬೆಳಿಗ್ಗೆ ತಾನೇ ಹತ್ತಬೇಕು, ಸಂಜೆ ತಾನೇ ಆರಬೇಕು. ಕೆಲವೇ ವಾರಗಳಲ್ಲಿ ಕಡ್ಡಿಯ ಗೆಣ್ಣುಗಳಲ್ಲಿ ಹಸಿರು ಕಣ್ಣು ಬಿಟ್ಟಿತು. ಎಲೆ ಬಂತು, ವಾಸನೆ ಬಂತು. ನಾನು ಅವ್ವನ ಕಣ್ಣು ತಪ್ಪಿಸಿ ತುದಿಗಳನ್ನು ಚಿವುಟಿದೆ, ಹಾಗೆ ಮಾಡಿದರೆ ಗಿಡ ಕವಲೊಡೆದು ಗುಬುರಾಗುತ್ತದೆ. ಚಿವುಟಿದ ಒಂದು ಕುಡಿಯನ್ನು ಬಿಸಾಡಲು ಮನಸ್ಸಾಗದೆ ಆಫೀಸಿಗೆ ಒಯ್ದು, ನನ್ನ ಮೇಜಿನ ಪಕ್ಕದ ಕಿಟಕಿಯಲ್ಲಿ ನೀರಿನ ಗ್ಲಾಸಿನಲ್ಲಿ ನಿಲ್ಲಿಸಿದೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಅವ್ವ ನನಗೆ ತಮ್ಮನ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟಳು. ಲೋಕಲ್ ರೈಲಿನಲ್ಲಿ ಜನರ ಮೊಣಕೈ ತಿವಿಸಿಕೊಳ್ಳುತ್ತ ನಿಂತವಳು ದಾರಿಯುದ್ದಕ್ಕೂ ಹುಚ್ಚಿಯ ಹಾಗೆ ನಗುತ್ತಿದ್ದೆ.

ಆಮೇಲೆ ಆಫೀಸಿನವರು ನನ್ನನ್ನು ತಿಂಗಳೊಪ್ಪತ್ತು ಪುಣೆಯ ಶಾಖೆಗೆ ಕಳಿಸಿದರು. ಹೊರಡುವ ಮುಂಚೆ ಅವ್ವನಿಗೆ ಒಂದೇ ಮಾತು ಹೇಳಿದ್ದೆ, ನೀರು ಹಾಕು, ಬೇರೆ ಯಾವುದನ್ನೂ ಮುಟ್ಟಬೇಡ. ಫೋನಿನಲ್ಲಿ ಕೇಳಿದಾಗಲೆಲ್ಲ "ಹಸರಾಗೈತಿ" ಅನ್ನುತ್ತಿದ್ದಳು.

ತಿರುಗಿ ಬಂದಾಗ ಬಾಗಿಲು ತೆರೆಯುವ ಮೊದಲೇ ಸುಟ್ಟ ಸೊಪ್ಪಿನ ವಾಸನೆ. ಹುರಿಗಳನ್ನು ಗಂಟುಗಂಟಾಗಿ ಇಳಿಸಿ ದೀಪವನ್ನು ಗಿಡದ ನೆತ್ತಿಗೇ ತಾಗಿಸಲಾಗಿತ್ತು. ಮೇಲಿನ ಎಲೆಗಳು ಬಿಳಿಚಿ, ಅಂಚು ಕರಕಲಾಗಿ ಮುರುಟಿದ್ದವು. ಕೆಳಗಿನವು ಡಬ್ಬಿಯ ಸುತ್ತ ಉದುರಿದ್ದವು. ಟೈಮರ್ ಪ್ಲಗ್ಗಿನಲ್ಲಿರಲಿಲ್ಲ, ಮೂಲೆಯಲ್ಲಿ ಬಿದ್ದಿತ್ತು. ದೀಪದ ಪಟ್ಟಿಗೆ ಕುಂಕುಮ ಹಚ್ಚಿತ್ತು.

"ಟೈಮರ್ ಯಾಕ ತಗದಿ?"

"ದೀಪಾನ ಯಾರರ ತಾಸು ನೋಡಿ ಆರಸ್ತಾರೇನ? ತುಳಸಿ ಮುಂದಿನ ದೀಪ ಅದು. ಎಣ್ಣಿ ತೀರಿ ಆರಿದ್ರ ಬ್ಯಾರೆ. ಆರಿಸಿದ ಪಾಪ ನನಗ್ಯಾಕ?"

"ಅದು ಎಣ್ಣಿ ದೀಪ ಅಲ್ಲವ್ವಾ, ಬಿಸಲು. ಹಗಲೆಲ್ಲಾ ಬಿಸಲು, ರಾತ್ರೆಲ್ಲಾ ಬಿಸಲು ಅಂದ್ರ ಯಾವ ಗಿಡ ಬದುಕತೈತಿ? ಹೊತ್ತು ಮುಳುಗಿದ ಮ್ಯಾಲೆ ತುಳಸಿ ಮಲಗತೈತಿ ಅಂತ ನನ್ನ ಕಪಾಳಕ್ಕ ಹೊಡದಾಕಿ ನೀನs ಹೌದಲ್ಲ?"

ಆಕೆ ಗಿಡದ ಕಡೆ ನೋಡುತ್ತಲೇ ಅಂದಳು: "ನನ್ನ ಮಗಗ ಕತ್ತಲಿ ಅಂದ್ರ ಆಗತಿರಲಿಲ್ಲ."

ಅದು ನಿಜ. ಚಿಕ್ಕವನಿದ್ದಾಗ ದೀಪ ಆರಿಸಿದರೆ ಚೀರುತ್ತಿದ್ದ. ಅವನಿಗೆ ಭಯವಾಗಬಾರದೆಂದು ಆಕೆ ಬೆಳಕನ್ನು ಹತ್ತಿರ, ಇನ್ನೂ ಹತ್ತಿರ ಇಳಿಸಿ, ತನ್ನ ಕೈಯಿಂದಲೇ ಅವನನ್ನು ಎರಡನೆಯ ಸಲ ಸಾಯಿಸಿದ್ದಳು. ನನಗೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ನೀನೇ ಕೊಂದೆ ಎಂದು ನಾಲಿಗೆ ತುದಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ. ಆಕೆ ಮಾತ್ರ ಏನನ್ನೂ ನುಂಗಿಕೊಳ್ಳಲಿಲ್ಲ. ಕೊನೆಯ ಎಲೆ ಬಿದ್ದ ದಿನ ಊರಿನ ಚಿಕ್ಕಮ್ಮನಿಗೆ ಫೋನ್ ಮಾಡಿ, "ಇಕಿ ಏನೋ ಕರೆಂಟಿಂದು ಕಟ್ಟಿದಳು, ಸುಟ್ಟು ಬಿಟ್ಟಳು" ಎಂದು ಅತ್ತಳು. ನಾನು ಪಕ್ಕದಲ್ಲೇ ಕುಳಿತು ಅವರೆಕಾಯಿ ಬಿಡಿಸುತ್ತಿದ್ದೆ.

ಒಣಗಿದ ಕಡ್ಡಿಯನ್ನು ಅವ್ವ ತೊಳೆದು, ದೇವರ ಜಗುಲಿಯಲ್ಲಿಟ್ಟಳು. ಬರಿ ಮಣ್ಣು ತುಂಬಿದ ಡಬ್ಬಿಯ ಮೇಲೆ ದೀಪ ಹಗಲೂ ರಾತ್ರಿ ಉರಿಯುತ್ತಲೇ ಇತ್ತು. ಆಕೆ ಅನ್ನ ಬಿಟ್ಟಳು. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು, ಮೈ ಇಳಿದು ಕುಪ್ಪಸ ಭುಜದಿಂದ ಜಾರುತ್ತಿತ್ತು.

ನನ್ನ ಬಳಿ ಇನ್ನೊಂದು ಇತ್ತಲ್ಲ. ಆಫೀಸಿನ ಕಿಟಕಿಯಲ್ಲಿ ಆ ಕುಡಿ ಬೇರು ಬಿಟ್ಟಿತ್ತು. ಕುಂಡಕ್ಕೆ ಹಾಕಿದ ಮೇಲೆ ಗೇಣುದ್ದ ಬೆಳೆದು ನಾಲ್ಕು ಕವಲು ಒಡೆದಿತ್ತು. ಅದೇ ತಾಯಿಗಿಡದ ತುಂಡು, ಅದೇ ಜೀವ. ಒಂದು ಸಂಜೆ ಅದನ್ನು ರೈಲಿನ ಲೇಡೀಸ್ ಡಬ್ಬಿಯ ನೂಕಾಟದಲ್ಲಿ ಕೂಸಿನ ಹಾಗೆ ಎದೆಗವಚಿಕೊಂಡು ಮನೆಗೆ ತಂದೆ. ಅವ್ವ ದೀಪದ ಮುಂದೆ ಕುಳಿತಿದ್ದಳು. ಕುಂಡವನ್ನು ಆಕೆಯ ಮಡಿಲ ಹತ್ತಿರ ಇಟ್ಟೆ.

"ಅವನ ತುಳಸೀದs ಕುಡಿ ಅವ್ವಾ. ಒಣಗೂಕಿಂತ ಮೊದಲ ತಗದಿಟ್ಟಿದ್ದೆ. ಇದು ಅದs."

ಆಕೆಯ ಮುಖ ಅರಳಿದ್ದನ್ನು ನಾನು ನೋಡಿದೆ, ಸುಳ್ಳು ಹೇಳುವುದಿಲ್ಲ. ಎರಡೂ ಕೈಯಿಂದ ಎಲೆ ಸವರಿದಳು, ಮೂಸಿದಳು, ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ತಲೆ ಎತ್ತಿ ಕೇಳಿದಳು:

"ಮಣ್ಣಿಗೆ ಯಾರು ಇಟ್ರು ಇದನ್ನ?"

"ನಾನs."

ಕೈ ಹಿಂದಕ್ಕೆ ತೆಗೆದಳು. ಕುಂಡವನ್ನು ಕಾಲಿನಿಂದ ಮೆಲ್ಲಗೆ, ಬಹಳ ಮೆಲ್ಲಗೆ, ನನ್ನ ಕಡೆ ಸರಿಸಿದಳು.

"ಹಂಗಾರ ಒಯ್ಯಿ. ಅವನ ಕೈದು ಸಾಯತೈತಿ, ನಿನ್ನ ಕೈದು ಉಳೀತೈತಿ. ನಮ್ಮ ಮನ್ಯಾಗ ಯಾವಾಗಲೂ ಹಂಗs."

ನಾನು ಎದ್ದೆ. ಕಿಟಕಿಯ ಹತ್ತಿರ ಹೋಗಿ ದೀಪದ ಪ್ಲಗ್ ಕಿತ್ತೆ. ಟವರಿನ ನೆರಳಿನಲ್ಲಿ ನಮ್ಮ ಕೋಣೆಗೆ ಸಂಜೆ ಬೇಗ ಬರುತ್ತದೆ, ಒಮ್ಮೆಲೇ ಕತ್ತಲಾಯಿತು. ಅವ್ವ ಮಗುವಿನಂತೆ ಚೀರಿದಳು, ತಮ್ಮ ಚೀರುತ್ತಿದ್ದನಲ್ಲ, ಅದೇ ರೀತಿ.

"ಹಚ್ಚು! ಏ, ದೀಪ ಹಚ್ಚು!"

"ಹೊತ್ತು ಮುಳುಗೈತಿ ಅವ್ವಾ" ಅಂದೆ. "ತುಳಸಿ ಮಲಗಲಿ."

ಕುಂಡ ಎತ್ತಿಕೊಂಡು ಅಡಿಗೆಮನೆಗೆ ಹೋಗಿ, ರೊಟ್ಟಿಗೆ ಹಿಟ್ಟು ಕಲಸಲು ಕುಳಿತೆ. ಹೊರಗೆ ಆಕೆ ಗೋಡೆ ತಡವುತ್ತ ಪ್ಲಗ್ ಹುಡುಕುವುದು ಕೇಳಿಸುತ್ತಿತ್ತು. ನಾನು ಏಳಲಿಲ್ಲ.