ಭಾವನ ಜೀಪಿಗೆ ಎಷ್ಟು ಬ್ಯಾಟರಿ

ಭಾವ ಜೀಪಿಗೆ ಎಲೆಕ್ಟ್ರಿಕ್ ವಿಂಚ್ ಕೂರಿಸಿದ್ದರು. ಕೆಸರಿನಲ್ಲಿ ಹೂತ ಜೀಪನ್ನು ಮರಕ್ಕೆ ಕಟ್ಟಿದ ಹಗ್ಗ ಸುತ್ತಿ ಎಳೆಯುವ ಯಂತ್ರ ಅದು. ಅದಕ್ಕೆ ಬ್ಯಾಟರಿ ಆರಿಸಲು, ಭೌತಶಾಸ್ತ್ರ ಓದಿದವನೆಂದು ನನ್ನನ್ನು ಬೆಳ್ತಂಗಡಿಯ ಅಂಗಡಿಗೆ ಕರೆದೊಯ್ದರು. ಎಂಜಿನ್ ಓಡುತ್ತ ಚಾರ್ಜ್ ಮಾಡುತ್ತಿದ್ದರೆ ಒಂದು ದೊಡ್ಡ ಬ್ಯಾಟರಿ ಸಾಕೆಂದು ನಾನು ಲೆಕ್ಕ ಹಾಕಿ ತೋರಿಸಿದೆ. ಲೆಕ್ಕ ತಪ್ಪಿದರೆ ಅಕ್ಕನ ಮನೆಯಲ್ಲಿ ನನ್ನ ಓದಿಗೆ ಬೆಲೆ ಉಳಿಯುತ್ತಿರಲಿಲ್ಲ.

"ವಿಂಚಿಗೆ ಬೇರೆಯೇ ಒಂದು ಇಡುವ," ಎಂದರು ಅಂಗಡಿಯವರು. "ನಿಮ್ಮ ಭಾವನಿಗೆ ಗುರುತಿನವರು ಸಿಕ್ಕಿದರೆ ಎಂಜಿನ್ ಬಂದ್ ಮಾಡಿಯೇ ಮಾತು."

ನಾನು ನಕ್ಕೆ. ಒಂದನ್ನೇ ತಂದೆವು.

ಆ ಭಾನುವಾರವೇ ಇರಬೇಕು, ಮಿಜಾರಿನ ಬಳಿ ಜೀಪು ಹಳ್ಳದಲ್ಲಿ ಹೂತುಹೋಯಿತು. ವಿಂಚ್ ಎಳೆಯತೊಡಗಿದಾಗ ಭಾವನಿಗೆ ಶಾಲೆಯಲ್ಲಿ ಕಲಿಸಿದ ಮಾಸ್ಟ್ರು ದಡಕ್ಕೆ ಬಂದರು. ಭಾವ ಮರ್ಯಾದೆಗೆ ಎಂಜಿನ್ ನಿಲ್ಲಿಸಿ, ಕುಶಲ ವಿಚಾರಿಸುತ್ತಲೇ ವಿಂಚಿನ ಗುಂಡಿ ಒತ್ತುತ್ತಿದ್ದರು. ಸ್ವಲ್ಪದರಲ್ಲೇ ಹಗ್ಗ ನಿಂತಿತು. ಎಂಜಿನ್ನೂ ಚಾಲು ಆಗಲಿಲ್ಲ.

"ಎಂಥ ಮಾರಾಯ, ನಿನ್ನ ಲೆಕ್ಕದಲ್ಲಿ ಮಾಸ್ಟ್ರನ್ನು ಸೇರಿಸಲಿಲ್ವಾ?" ಎಂದರು ಭಾವ.

ಟ್ರ್ಯಾಕ್ಟರ್ ಬಂದು ಎಳೆಯಿತು. ಮರುದಿನ ಎರಡನೆಯ ಬ್ಯಾಟರಿಯೂ ಬಂತು. ಎರಡು ಬೇಕೆಂದು ಮೊದಲು ಹೇಳಿದವನು ಇವನೇ ಎಂದು ಭಾವ ಈಗ ನನ್ನನ್ನು ತೋರಿಸಿ ಮನೆಗೆ ಬಂದವರಿಗೆಲ್ಲ ಗಂಭೀರವಾಗಿ ಹೇಳುತ್ತಾರೆ. ಕೇಳಿ ಕೇಳಿ ನನಗೂ ಹಾಗೆಯೇ ನೆನಪಾಗತೊಡಗಿದೆ.